ದಾಕ್ಷಿಣ್ಯದ ತಂಗಾಳಿ

ಹೊರಳಬೇಡ ಮಂದಾರಾ, ಹೊರಳಿದಷ್ಟೂ ಸೆಕೆ ಜಾಸ್ತಿ. ದಿಂಬು ತಿರುಗಿಸಿ ಹಾಕಿಕೋ. ಆ ಮಗ್ಗುಲೂ ಬಿಸಿಯಾಯಿತಾ? ಹಾಗಿದ್ದರೆ ದಿಂಬೇ ಬೇಡ, ಆಚೆ ಎಸಿ. ಫ್ಯಾನ್ ಹಾಕಿದರೆ ಬಿಸಿ ಗಾಳಿ, ಆರಿಸಿದರೆ ಸೊಳ್ಳೆ. ಸಂಜೆ ತಾರಸಿಗೆ ನಾಲ್ಕು ಬಕೆಟ್ ನೀರು ಹೊಯ್ದು ಸೊಂಟ ಹಿಡಿದುಕೊಂಡಿದ್ದೇ ಬಂತು, ಅದೂ ಹಬೆಯಾಗಿ ಹೋಯಿತು. ಈ ಅಜ್ಜಿಯ ಕೈಯಲ್ಲಿ ಇನ್ನೇನೂ ಇಲ್ಲ, ಒಂದು ಕಥೆ ಇದೆ. ಆ ತಂಗಾಳಿ ಎಲ್ಲಿ ಹಾಳಾಗಿ ಹೋದ ಅಂತ ಕೇಳಿದೆಯಲ್ಲ, ಹೇಳುತ್ತೇನೆ. ನಡುವೆ ನೀರು ಬೇಕು, ಉಚ್ಚೆ ಬಂತು ಅಂತ ಏಳಬಾರದು.

ಭೂಮಿ ಆಗ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟಗಳನ್ನು ಮುಟ್ಟಿದರೆ ಕೈಗೆ ಹಸಿ ಮಣ್ಣು ಅಂಟುತ್ತಿತ್ತು. ಊರಿಂದ ಊರಿಗೆ ದೂರ ಇನ್ನೂ ಅಷ್ಟು ಹಿಗ್ಗಿರಲಿಲ್ಲ. ಬುತ್ತಿ ಕಟ್ಟಿಕೊಂಡು ಬೆಳಿಗ್ಗೆ ಹೊರಟವರು ಸಮುದ್ರ ನೋಡಿಕೊಂಡು ರಾತ್ರಿ ಮನೆಗೆ ಬಂದುಬಿಡಬಹುದಿತ್ತು.

ಆಗಲೂ ಬೇಸಿಗೆ ಇತ್ತು. ಸೂರ್ಯ ಇನ್ನೂ ಹುಡುಗ, ಹುಮ್ಮಸ್ಸು ಜಾಸ್ತಿ. ಸಂಜೆಯಾಗುವಷ್ಟರಲ್ಲಿ ನಮ್ಮ ಬಯಲನ್ನು ರೊಟ್ಟಿ ಹಂಚಿನ ಹಾಗೆ ಕಾಯಿಸಿಟ್ಟು ಹೋಗುತ್ತಿದ್ದ. ಆದರೆ ಅದಕ್ಕೊಂದು ಏರ್ಪಾಡಿತ್ತು. ದೀಪ ಹಚ್ಚುವ ಹೊತ್ತಿಗೆ ತಂಗಾಳಿ ಸಮುದ್ರದ ಮನೆಯಿಂದ ಹೊರಡಬೇಕು, ಜನ ಉಂಡು ಕೈ ತೊಳೆಯುವ ಹೊತ್ತಿಗೆ ಬಯಲು ಮುಟ್ಟಬೇಕು. ಹೊರಡುತ್ತಿದ್ದ, ಮುಟ್ಟುತ್ತಿದ್ದ. ಜನ ಚಾಪೆ ಬಿಡಿಸುವುದೇ ತಡ, ನಿದ್ದೆ. "ಉಸ್ಸಪ್ಪಾ" ಅನ್ನುವ ಮಾತೇ ಯಾರ ಬಾಯಲ್ಲೂ ಇರಲಿಲ್ಲ.

ಅವನು ಅಷ್ಟು ಬೇಗ ಹೇಗೆ ಬರುತ್ತಿದ್ದ ಅಂದರೆ, ಉಪಚಾರ ಅನ್ನುವುದು ಆಗಿನ್ನೂ ಹುಟ್ಟಿರಲಿಲ್ಲ. ದಾರಿಯಲ್ಲಿ ಬೆಟ್ಟ ಸಿಗುತ್ತಿತ್ತು, ಹೊಳೆ ಸಿಗುತ್ತಿತ್ತು, ಹುಣಸೆ ತೋಪು ಸಿಗುತ್ತಿತ್ತು. ಯಾರೂ ಯಾರನ್ನೂ "ಊಟ ಆಯ್ತಾ?" ಅಂತ ಕೇಳುತ್ತಿರಲಿಲ್ಲ. ಆಮೇಲೆ ಉಪಚಾರ ಹುಟ್ಟಿತು ನೋಡು, ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಮೊದಲು ಕರೆದವಳು ಬೆಟ್ಟದಮ್ಮ.

"ದಿನಾ ಮನೆ ಮುಂದೇನೇ ಹೋಗ್ತೀಯ, ಒಂದು ದಿನವಾದ್ರೂ ಒಳಗೆ ಬಂದಿದ್ದೀಯೇನಪ್ಪಾ? ನಾವೇನು ಬೇಡವಾದವ್ರಾ?"

ತಂಗಾಳಿ ಒಳ್ಳೆಯವನು. ಅದೇ ಅವನಿಗಿದ್ದ ರೋಗ. "ಬೇಡ" ಅನ್ನುವುದಕ್ಕೆ ಅವನಿಗೆ ಬಾಯೇ ಬರುತ್ತಿರಲಿಲ್ಲ. ಒಳಗೆ ಹೋದ. ಪಾನಕ ಕೊಟ್ಟಳು, ಕುಡಿದ. "ಇನ್ನೊಂದು ಲೋಟ?" ಅಂದಳು, ಅದನ್ನೂ ಕುಡಿದ. ಬರ್ತೀನಮ್ಮ ಅಂತ ಎದ್ದ. "ಬಂದ ಕಾಲಲ್ಲೇ ಹೊರಟುಬಿಟ್ಯಾ?" ಅಂದಳು. ಮತ್ತೆ ಕೂತ.

ಈ ಸುದ್ದಿ ಹೊಳೆಯಕ್ಕನಿಗೆ ಮುಟ್ಟಿತು. ಅವಳು ಸುಮ್ಮನಿರುತ್ತಾಳಾ? "ಅವಳ ಮನೇಲಿ ಕೂತೆ, ನಮ್ಮನೇಲಿ ಕೂತ್ರೆ ಮೈ ಸವೆಯುತ್ತಾ?" ಅಂತ ಮಜ್ಜಿಗೆ ಹಿಡಿದು ನಿಂತಳು. ಅದನ್ನು ಕೇಳಿ ತೋಪಿನ ಮುದಿ ಹುಣಸೆಮರ ದಾರಿಗೆ ಕೊಂಬೆ ಅಡ್ಡ ಹಾಕಿತು. ಅದರ ಮನೆಯಲ್ಲಿ ಕುಡಿಯಲು ಏನೂ ಇಲ್ಲ, ಬರೀ ಮಾತು. ಆದರೆ ಆ ಮಾತಿಗೆ ಕೊನೆ ಅನ್ನುವುದೇ ಇಲ್ಲ.

ಮೊದಲ ದಿನ ಒಂದು ಗಳಿಗೆ ತಡವಾಯಿತು. ಮಾರನೇ ದಿನ ಎರಡು ಗಳಿಗೆ. ವಾರ ಕಳೆಯುವಷ್ಟರಲ್ಲಿ ನಡುರಾತ್ರಿ. ತಿಂಗಳಾಗುವ ಹೊತ್ತಿಗೆ ತಂಗಾಳಿಗೆ ಬೆಟ್ಟದಮ್ಮನ ಮನೆಯಲ್ಲೇ ಬೆಳಗಾಗತೊಡಗಿತು. ಬೆಳಗಾದ ಮೇಲೆ ಇನ್ನೇನು ಅಂತ ಅಲ್ಲಿಂದಲೇ ಸಮುದ್ರಕ್ಕೆ ವಾಪಸು ಹೋಗುತ್ತಿದ್ದ.

ಇತ್ತ ಬಯಲಿನಲ್ಲಿ ಸಣ್ಣೀರಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮೂರು ತಿಂಗಳ ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ. ಕೂಸಿನ ಕತ್ತು, ಬೆನ್ನು, ತೊಡೆಸಂದಿ, ಎಲ್ಲ ಕಡೆ ಬೆವರುಸಾಲೆ. ಮೊದಲ ರಾತ್ರಿ ಪೂರ್ತಿ ಅತ್ತಿತು. ಎರಡನೇ ರಾತ್ರಿ ಪೂರ್ತಿ ಅತ್ತಿತು. ಮೂರನೇ ರಾತ್ರಿ ಅಳಲಿಲ್ಲ. ಬಾಯಿ ತೆರೆದುಕೊಂಡು ಸುಮ್ಮನೆ ಮೇಲೆ ನೋಡುತ್ತಾ ಮಲಗಿತ್ತು. ಹಾಲು ಕುಡಿಸಲು ಹೋದರೆ ಮುಖ ತಿರುಗಿಸಿತು.

ಸಣ್ಣೀರಮ್ಮ ಕೂಸನ್ನು ಎತ್ತಿಕೊಂಡು ಬಂಡೆಯ ಹತ್ತಿರ ಹೋದಳು. "ಬಂಡೆಯಣ್ಣಾ, ಸ್ವಲ್ಪ ತಣ್ಣಗಾಗಪ್ಪಾ, ಇದನ್ನ ಮಲಗಿಸ್ತೀನಿ."

"ನನಗೂ ಆಸೆನೇ ತಾಯಿ. ಬೆಳಗಿಂದ ಈ ಬಿಸಿ ಹೊತ್ತಿದ್ದೀನಿ, ಇಳಿಸ್ಕೊಳ್ಳೋರು ಬೇಕಲ್ಲ. ತಂಗಾಳಿ ಬರಲಿ."

ಬೇವಿನಮರದ ಕೆಳಗೆ ಹೋದಳು. "ಬೇವಿನಕ್ಕಾ, ನೀನಾದ್ರೂ ಒಂದು ಸಲ ಬೀಸೆ."

"ಎಲೆ ಇದಾವೆ ಕಣಮ್ಮ, ಅಲ್ಲಾಡಿಸೋರು ಬೇಕಲ್ಲ. ತಂಗಾಳಿ ಬರಲಿ."

ಗಂಡ ಓಬಣ್ಣನ ಹತ್ತಿರ ಬಂದಳು. ಅವನು ಅಂಗಳದಲ್ಲಿ ಅಂಗಾತ ಬಿದ್ದುಕೊಂಡು ಮೊರದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದ.

"ಬರ್ತಾನೆ ಬಿಡೇ. ಬರದೆ ಎಲ್ಲಿ ಹೋಗ್ತಾನೆ?" ಅಂದ.

"ಬರ್ತಾನೆ ಬರ್ತಾನೆ ಅಂತ ತಿಂಗಳಿಂದ ಹೇಳ್ತಿದ್ದೀರಲ್ಲ, ಬಂದ್ನಾ? ಕೂಸು ಹಾಲು ಬಿಟ್ಟಿದೆ. ನೀವೆಲ್ಲ ದಾರಿ ಕಾಯ್ತಾ ಬಿದ್ಕೊಂಡಿರಿ. ನಾನು ಹೋಗಿ ಕರ್ಕೊಂಡೇ ಬರ್ತೀನಿ."

ಕೂಸನ್ನು ಎದೆಗೆ ಕಟ್ಟಿಕೊಂಡು ಪಡುವಣ ದಿಕ್ಕಿಗೆ ಹೊರಟೇಬಿಟ್ಟಳು.

ಹುಣಸೆ ತೋಪು ಸಿಕ್ಕಿತು. "ತಂಗಾಳಿ ಬಂದಿದ್ನಾ?"

"ನಮ್ಮನೇಲಿ ಅವನು ಕೂರೋದೇ ಇಲ್ಲ. ಆ ಹೊಳೆಯಕ್ಕ ಹಿಡ್ಕೊಂಡಿರ್ತಾಳೆ ನೋಡು, ಅವಳಿಗೆ ಹೊತ್ತುಗೊತ್ತು ಗೊತ್ತಾಗಲ್ಲ."

ಹೊಳೆ ಸಿಕ್ಕಿತು. "ತಂಗಾಳಿ ಬಂದಿದ್ನಾ?"

"ಅಯ್ಯೋ, ನಾನು ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿಬಿಡ್ತೀನಮ್ಮ. ಆ ಬೆಟ್ಟದಮ್ಮ ಇದ್ದಾಳಲ್ಲ, ಅವಳ ಕೈಗೆ ಸಿಕ್ಕಿದ್ರೆ ಮುಗೀತು."

ಎಲ್ಲರೂ ಒಳ್ಳೆಯವರೇ, ತಪ್ಪೆಲ್ಲ ಪಕ್ಕದ ಮನೆಯವರದು. ಸಣ್ಣೀರಮ್ಮ ಹಲ್ಲು ಕಚ್ಚಿಕೊಂಡು ನಡೆದಳು. ಎದೆಯ ಮೇಲೆ ಕೂಸು ಕಾದ ಇಟ್ಟಿಗೆಯ ಹಾಗೆ ಸುಡುತ್ತಿತ್ತು.

ಬೆಟ್ಟದಮ್ಮನ ಮನೆಗೆ ಬಂದಾಗ ತಂಗಾಳಿ ಹೊಸಿಲಲ್ಲಿ ನಿಂತಿದ್ದ. "ಬರ್ತೀನಮ್ಮ ಹಾಗಾದ್ರೆ" ಅನ್ನುತ್ತಿದ್ದ. "ಹ್ಞೂ, ಬಾಪ್ಪಾ. ಅಂದಹಾಗೆ, ನಿಮ್ಮ ದೊಡ್ಡಮ್ಮನ ಮಂಡಿನೋವು ಹೇಗಿದೆ?" ಅನ್ನುತ್ತಿದ್ದಳು ಬೆಟ್ಟದಮ್ಮ. ಅವನು ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು ದೊಡ್ಡಮ್ಮನ ಮಂಡಿಯ ವಿಷಯ ಹೇಳತೊಡಗಿದ. ಹಾಗೇ ಹೊಸಿಲ ಮೇಲೆ ಕೂತೂಬಿಟ್ಟ.

ಕೂತ ಗಾಳಿ ಬೀಸುವುದಿಲ್ಲ ಮಂದಾರಾ. ಅವನು ಎದುರಿಗೇ ಇದ್ದರೂ ಕೂಸಿನ ಒಂದು ಕೂದಲೂ ಅಲ್ಲಾಡಲಿಲ್ಲ.

"ಏಳಪ್ಪಾ, ಎದ್ದು ನಡಿ! ಬಯಲಿನಲ್ಲಿ ಯಾರೂ ನಿದ್ದೆ ಮಾಡಿಲ್ಲ, ನನ್ನ ಕೂಸು..." ಅಂತ ಸಣ್ಣೀರಮ್ಮ ಶುರು ಮಾಡುವಷ್ಟರಲ್ಲಿ ಬೆಟ್ಟದಮ್ಮ ಅವಳ ಕೈ ಹಿಡಿದಳು.

"ಅಯ್ಯೋ ನನ್ನಮ್ಮ, ಬಾಣಂತಿ! ಮೊದಲನೇ ಸಲ ಬಂದಿದ್ದೀಯ, ಮಡಿಲು ತುಂಬದೆ ಕಳಿಸಿದ್ರೆ ನನಗೆ ಒಳ್ಳೇದಾಗುತ್ತಾ? ಕೂರು, ಕೂರು. ಅಕ್ಕಿ ಕೊಬ್ಬರಿ ಹುಡುಕ್ತೀನಿ, ಎಲ್ಲಿಟ್ಟೆನೋ ಏನೋ."

ಸಣ್ಣೀರಮ್ಮ ಕೂತಳು.

ನೀನು ನಗಬೇಡ. ನಾನಿದ್ದರೂ ಕೂರುತ್ತಿದ್ದೆ, ನಿಮ್ಮಮ್ಮನೂ ಕೂರುತ್ತಿದ್ದಳು. ಮಡಿಲು ತುಂಬುತ್ತೇನೆ ಅಂದವರನ್ನು ಬಿಟ್ಟು ಹೇಗೆ ಏಳುವುದು? ಬೆಟ್ಟದಮ್ಮ ಒಂದು ಡಬ್ಬಿ ತೆಗೆದಳು, ಎರಡು ಡಬ್ಬಿ ತೆಗೆದಳು. ಕೊಬ್ಬರಿ ಸಿಕ್ಕಿದರೆ ಕುಂಕುಮ ಸಿಗಲಿಲ್ಲ, ಕುಂಕುಮ ಸಿಕ್ಕಿದರೆ ಬಳೆ ಸಿಗಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಅರ್ಧ ರಾತ್ರಿ ದಾಟಿತ್ತು. ಸಣ್ಣೀರಮ್ಮನಿಗೆ ತನ್ನ ಮೇಲೇ ಅಸಾಧ್ಯ ಸಿಟ್ಟು ಬಂತು. ತಂಗಾಳಿಯ ರಟ್ಟೆ ಹಿಡಿದು ಎಳೆದುಕೊಂಡೇ ಹೊರಟಳು.

ಅವನು ನಡೆಯತೊಡಗಿದ್ದೇ ತಡ, ಗಾಳಿ ಆಡಿತು. ಕೂಸಿನ ಹಣೆಯ ಬೆವರು ಆರಿತು. ರೆಪ್ಪೆ ಮುಚ್ಚಿತು. ಬಾಯಿ ಚಪ್ಪರಿಸಿಕೊಂಡು ಅಮ್ಮನ ಎದೆ ಹುಡುಕಿತು. ಸಣ್ಣೀರಮ್ಮನಿಗೆ ಅಳು ಬಂತು, ಆದರೂ ಕಾಲು ನಿಲ್ಲಿಸಲಿಲ್ಲ.

ಹೊಳೆ ಬಂತು. ಹೊಳೆಯಕ್ಕ ಚೊಂಬು ಹಿಡಿದು ದಡದಲ್ಲೇ ನಿಂತಿದ್ದಳು. "ಅವಳ ಮನೇಲಿ ಅಷ್ಟು ಹೊತ್ತು ಕೂತು ಬಂದಿರಿ, ನಮ್ಮನೇಲಿ ಒಂದು ಗುಟುಕು ಮಜ್ಜಿಗೆಗೆ ಪುರುಸೊತ್ತಿಲ್ವಾ?"

ಸಣ್ಣೀರಮ್ಮ ಬಾಯಿ ತೆರೆಯುವುದರೊಳಗೆ ತಂಗಾಳಿ ಕೂತಾಗಿತ್ತು. "ಒಂದೇ ಗುಟುಕು" ಅಂದ.

ಗಾಳಿ ನಿಂತಿತು. ಕೂಸಿನ ಕಣ್ಣು ತೆರೆಯಿತು. ಬಾಯಿ ತೆರೆಯಿತು. ಉಸಿರಿಗೆ ಒದ್ದಾಡಿತು, ಅಳುವುದಕ್ಕೂ ಅದಕ್ಕೆ ಶಕ್ತಿ ಇರಲಿಲ್ಲ.

"ಬೇಡ!" ಅಂದಳು ಸಣ್ಣೀರಮ್ಮ.

ಭೂಮಿಯ ಮೇಲೆ ಉಪಚಾರಕ್ಕೆ ಯಾರಾದರೂ ಹಾಗೆ ಹೇಳಿದ್ದು ಅದೇ ಮೊದಲು. ಹೊಳೆಯಕ್ಕನ ಕೈಯಿಂದ ಚೊಂಬು ಜಾರಿತು. "ಬೇಡ ಅಂದ್ರೆ?" ಅಂದಳು.

"ಬೇಡ ಅಂದ್ರೆ ಬೇಡ! ನಿನ್ನ ಮಜ್ಜಿಗೇನೂ ಬೇಡ, ಅವಳ ಪಾನಕಾನೂ ಬೇಡ!" ಆಮೇಲೆ ತಂಗಾಳಿಯ ಕಡೆ ತಿರುಗಿದಳು. ಎದೆಯ ಬಟ್ಟೆ ಸರಿಸಿ ಕೂಸನ್ನು ಅವನ ಮುಖದ ಮುಂದೆ ಹಿಡಿದಳು. "ಇಲ್ಲಿ ನೋಡು. ನೀನು ನಡೆದ್ರೆ ಇದು ಉಸಿರಾಡುತ್ತೆ, ನೀನು ಕೂತ್ರೆ ಇದರ ಉಸಿರು ಕಟ್ಟುತ್ತೆ. ಮೂರು ಮನೇಲಿ ಒಳ್ಳೆಯವನು ಅನ್ನಿಸ್ಕೊಂಡ್ಯಲ್ಲ, ನನ್ನ ಕೂಸಿನ ಪಾಲಿಗೆ ನೀನು ಏನಾದೆ ಹೇಳು?"

ತಂಗಾಳಿ ಕೂಸನ್ನು ನೋಡಿದ. ಅವನಿಗೆ ಇದೆಲ್ಲ ಗೊತ್ತೇ ಇರಲಿಲ್ಲ. ತಾನು ತಡವಾಗಿ ಹೋದರೆ ಜನ ಬೈದುಕೊಂಡಾರು ಅಂತ ಮಾತ್ರ ಅಂದುಕೊಂಡಿದ್ದ. ಮಜ್ಜಿಗೆ ಅಲ್ಲೇ ಬಿಟ್ಟು ಎದ್ದು ನಡೆದ. ಹುಣಸೆಮರ ಕೊಂಬೆ ಅಡ್ಡ ಹಾಕಿತು. ಸಣ್ಣೀರಮ್ಮ ಅದನ್ನು ಒಮ್ಮೆ ದುರುಗುಟ್ಟಿಕೊಂಡು ನೋಡಿದಳು, ಅದು ಕೊಂಬೆ ಎತ್ತಿಕೊಂಡಿತು.

ದಾರಿಯಲ್ಲಿ ಸಣ್ಣೀರಮ್ಮ ಹೇಳಿದಳು. "ನಾಳೆಯಿಂದ ಮೊದಲಿನ ಹಾಗೆ ಊಟದ ಹೊತ್ತಿಗೆ ಬಂದುಬಿಡು."

ತಂಗಾಳಿ ತಲೆ ತಗ್ಗಿಸಿದ. "ಇವತ್ತು ನೀವು ಜೊತೆಗಿದ್ರಿ ತಾಯಿ. ನಾಳೆ ನಾನೊಬ್ಬನೇ. ಬಾಗಿಲಲ್ಲಿ ನಿಂತು ಕರೀತಾರೆ. ನನಗೆ ಆ ಮಾತು ಬಾಯಿಗೆ ಬರಲ್ಲ."

"ಬೇಡ ಅನ್ನು. ಎರಡೇ ಅಕ್ಷರ!"

"ಬೇ..." ಅಂದ. "ಬೇ..." ಅಂದ. ಬೆವರಿದ ಪಾಪ, ತಂಗಾಳಿಯೇ ಬೆವರಿದ. ಇನ್ನೊಂದು ಅಕ್ಷರ ಹೊರಗೆ ಬರಲೇ ಇಲ್ಲ.

ಸಣ್ಣೀರಮ್ಮ ಹಣೆ ಚಚ್ಚಿಕೊಂಡಳು. "ಆಯ್ತು, ಹಾಳಾಗಿ ಹೋಗ್ಲಿ. ಕೂತು ಬಾ, ಕುಡಿದು ಬಾ, ಎಲ್ಲರ ಮಂಡಿನೋವು ವಿಚಾರಿಸ್ಕೊಂಡೇ ಬಾ. ಆದ್ರೆ ಬೆಳಗಾಗೋದ್ರೊಳಗೆ ಬಾ. ಒಂದು ದಿನ ತಪ್ಪಿದ್ರೂ ಕೂಸನ್ನ ಕಟ್ಕೊಂಡು ನಾನು ಮತ್ತೆ ಬರ್ತೀನಿ."

"ಬೆಳಗಾಗೋದ್ರೊಳಗೆ ಬಂದೇ ಬರ್ತೀನಿ" ಅಂತ ತಂಗಾಳಿ ಅವಳ ಕೈ ಮೇಲೆ ಕೈಯಿಟ್ಟು ಆಣೆ ಮಾಡಿದ.

ಅವರು ಬಯಲು ಮುಟ್ಟಿದಾಗ ನಾಲ್ಕನೇ ಜಾವ. ತಂಗಾಳಿ ಊರೊಳಗೆ ಕಾಲಿಟ್ಟ. ಬಂಡೆ ಬಿಸಿ ಇಳಿಸಿ ನಿಟ್ಟುಸಿರು ಬಿಟ್ಟಿತು. ಬೇವಿನ ಎಲೆಗಳು ಅಲ್ಲಾಡಿದವು. ಓಬಣ್ಣನ ಕೈಯಿಂದ ಮೊರ ಜಾರಿತು, ಗೊರಕೆ ಶುರುವಾಯಿತು. ತಿಂಗಳಿಂದ ಎಚ್ಚರವಿದ್ದ ಊರಿಗೆ ಊರೇ ಒಟ್ಟಿಗೆ ನಿದ್ದೆಹೋಯಿತು. ಕೂಸು ಹೊಟ್ಟೆ ತುಂಬ ಹಾಲು ಕುಡಿದು, ಮುಷ್ಟಿ ಬಿಚ್ಚಿ ಮಲಗಿತು.

ಅದನ್ನು ಚಾಪೆಯ ಮೇಲೆ ಹಾಕಿ ಸಣ್ಣೀರಮ್ಮ ಪಕ್ಕದಲ್ಲಿ ಮೈ ಚಾಚಿದಳು. ತಲೆ ನೆಲಕ್ಕೆ ತಾಗಿತ್ತೋ ಇಲ್ಲವೋ, ಕೋಳಿ ಕೂಗಿತು. ಕೊಟ್ಟಿಗೆಯಲ್ಲಿ ಹಸು ಅಂಬಾ ಅಂದಿತು. ಒಲೆ ಹಚ್ಚಬೇಕು, ನೀರು ತರಬೇಕು. ಸಣ್ಣೀರಮ್ಮ ಎದ್ದು ಕೂತಳು, ಕೂದಲು ಗಂಟು ಕಟ್ಟಿಕೊಂಡಳು, ಪೊರಕೆ ತೆಗೆದುಕೊಂಡು ಅಂಗಳಕ್ಕೆ ಇಳಿದಳು.

ಊರೆಲ್ಲ ಸುತ್ತಿ ಬಂದ ತಂಗಾಳಿ ಅವಳನ್ನು ಕಂಡು ನಿಂತುಬಿಟ್ಟ. "ನೀವು ಮಲಗಲಿಲ್ವಾ ತಾಯಿ?"

"ಎಲ್ಲಿ ಮಲಗ್ಲಿ? ಬೆಳಗಾಯ್ತಲ್ಲ" ಅಂದಳು ಸಣ್ಣೀರಮ್ಮ, ತಲೆ ಎತ್ತದೆ.

ಅವನಲ್ಲಿ ಕೊಡುವುದಕ್ಕೆ ಏನಿದೆ, ನನ್ನ ಪಿಂಡ. ಊರಿಗೆಲ್ಲ ನಿದ್ದೆ ತಂದವಳಿಗೆ ಕೊಡಲು ಅವನ ಹತ್ತಿರ ರಾತ್ರಿಯೇ ಉಳಿದಿರಲಿಲ್ಲ. ಅವಳ ಹಿಂದೆ ಹಿಂದೆ ಅಂಗಳಕ್ಕೆ ಹೋದ, ಕೊಟ್ಟಿಗೆಗೆ ಹೋದ, ಕೊಡ ಹೊತ್ತರೆ ಬಾವಿಯವರೆಗೂ ಹೋದ.

ಅವನು ಇನ್ನೂ ತಿದ್ದಿಕೊಂಡಿಲ್ಲ, ಈಗಲೂ ಎಲ್ಲೋ ಪಾನಕ ಕುಡಿಯುತ್ತಾ ಕೂತಿರುತ್ತಾನೆ. ಆಣೆಯನ್ನು ಮಾತ್ರ ಮುರಿದಿಲ್ಲ. ಬೇಕಾದರೆ ನಾಳೆ ಬೆಳಗಿನ ಜಾವ, ನೀವೆಲ್ಲ ತಣ್ಣಗೆ ಹೊದಿಕೆ ಎಳೆದುಕೊಂಡು ಮಲಗಿರುವಾಗ, ಒಂದೇ ಒಂದು ಕಣ್ಣು ತೆರೆದು ಅಂಗಳದ ಕಡೆ ನೋಡು: ನಿಮ್ಮಮ್ಮ ಕಸ ಗುಡಿಸುತ್ತಿರುತ್ತಾಳೆ, ತಂಗಾಳಿ ಅವಳ ಸೆರಗಿನ ತುದಿ ಹಿಡಿದುಕೊಂಡು, ತಪ್ಪಾಯಿತು ಅನ್ನಲು ಬಾರದೆ, ಹಿಂದೆ ಹಿಂದೆಯೇ ಓಡಾಡುತ್ತಿರುತ್ತಾನೆ.