ನೂಲು ಮಲಗಿದ ಹೊಂಡ

ಕಗ್ಗಲ್ಲಹಾಳದ ನೇಕಾರರ ಓಣಿಗೆ ಮೂಡಣ ದಿಕ್ಕಿನಲ್ಲಿ ಒಂದು ಹೊಂಡವಿದೆ. ದೊಡ್ಡದಲ್ಲ. ಮೂರು ಕಡೆ ಕರಿಕಲ್ಲಿನ ಮೆಟ್ಟಿಲು, ಒಂದು ಕಡೆ ಬೇವಿನ ಮರ. ನೀರನ್ನು ಕುಡಿಯುವುದಿಲ್ಲ, ಹೊಲಕ್ಕೂ ಬಿಡುವುದಿಲ್ಲ. ಆದರೂ ವರ್ಷಕ್ಕೊಮ್ಮೆ ಓಣಿಯವರೆಲ್ಲ ಸೇರಿ ಹೂಳು ತೆಗೆಯುತ್ತಾರೆ. ‘ಮಲಗಿದ ಹೊಂಡ’ ಎಂದಷ್ಟೇ ಹೆಸರು ಕೇಳಿದವರು ಇಲ್ಲಿ ಯಾವುದೋ ದೇವರು ಮಲಗಿರಬೇಕು, ರಾಜನಾದರೂ ಮಲಗಿರಬೇಕು ಎಂದುಕೊಳ್ಳುತ್ತಾರೆ. ಮಲಗಿದ್ದು ದೇವರೂ ಅಲ್ಲ, ರಾಜನೂ ಅಲ್ಲ. ನೂಲು.

ಹಿಂದೆ ಒಮ್ಮೆ ಹೊಳೆ ಉಕ್ಕಿ ದಂಡೆಯ ಊರೊಂದು ಕೊಚ್ಚಿಹೋಯಿತು. ಅಲ್ಲಿನ ರೇಷ್ಮೆ ನೇಕಾರರ ನಾಲ್ಕು ಮನೆಯವರನ್ನು ನಮ್ಮೂರಿನ ಗೌಡ ಕರೆತಂದು ನೆಲೆ ಕೊಟ್ಟ. ಅದಕ್ಕೆ ಮೊದಲು ಊರಲ್ಲಿ ಮಗ್ಗವಿರಲಿಲ್ಲ. ಮಳೆಗಾಲದಲ್ಲಿ ಬಂದವರು ಕಾಲಿಳಿಸಿ ಕೂರಲು ಕುಣಿ ತೋಡಿ ಮಗ್ಗ ಹೂಡಿದರು. ಕೆಲಸ ಚೆನ್ನಾಗಿಯೇ ಸಾಗಿತು. ಚಳಿ ಹಿಡಿದು ಮೂಡಣ ಗಾಳಿ ಬೀಸತೊಡಗಿದ ಮೇಲೆ ರೇಷ್ಮೆ ಮಾತು ಕೇಳದಾಯಿತು. ಮಗ್ಗಕ್ಕೆ ಉದ್ದುದ್ದ ಕಟ್ಟಿದ ಹಾಸಿನ ಎಳೆಗಳು ಒಂದನ್ನೊಂದು ದೂಡಿಕೊಂಡು ಎದ್ದು ನಿಲ್ಲುತ್ತಿದ್ದವು, ಕೈ ಹತ್ತಿರ ತಂದರೆ ಕೈಗೇ ಅಂಟುತ್ತಿದ್ದವು. ಲಾಳಿ ಓಡಿಸಿದರೆ ತೊಡಕಿಕೊಂಡು ಹರಿಯುತ್ತಿದ್ದವು. ಒಮ್ಮೊಮ್ಮೆ ಬೆರಳಿಗೆ ಇರುವೆ ಕಚ್ಚಿದಂತೆ ಚುರುಕ್ ಎನ್ನುತ್ತಿತ್ತು. ಹೊಳೆದಂಡೆಯವರಿಗೆ ತಿಳಿದಿದ್ದ ಮದ್ದು ಒಂದೇ: ಎಳೆ ಎದ್ದರೆ ಕುಂಚದಿಂದ ಸವರಬೇಕು. ಸವರಿದರು. ಇನ್ನಷ್ಟು ಎದ್ದಿತು. ಬಿರುಸಾಗಿ ಸವರಿದರು. ಊರದೇವತೆಗೆ ನಾವು ಬೇಡವಾಗಿದ್ದೇವೆ ಎಂದು ಹೇಳಿ ಮೂರು ಮನೆಯವರು ಗಂಟು ಕಟ್ಟಿ ಪಕ್ಕದೂರಿನ ನೆಂಟರ ಮನೆಗೆ ಹೋದರು. ಉಳಿದದ್ದು ಕಳಕಪ್ಪ ಮತ್ತು ಅವನ ಹೆಂಡತಿ ಅಂಬವ್ವನ ಒಂದೇ ಮನೆ. ಕಳಕಪ್ಪ ಹಟಮಾರಿ. ಈ ಒಂದು ಹಾಸು ನೇಯ್ದು ಮುಗಿದರೆ ಇರುವುದು, ಹರಿದರೆ ನಾವೂ ಹೋಗುವುದು ಎಂದ. ಎಂಟು ದಿನ ಸವರಿದ ಮೇಲೆ ಅವನ ಹಟವೂ ಮುಗಿಯಿತು. ಗೌಡನಿಂದ ಗಾಡಿ ಕೇಳಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಮನೆಯ ಸಾಮಾನು ಹೇರಿಯೂ ಆಯಿತು. ಮರುದಿನ ಬೆಳಿಗ್ಗೆ ಮಗ್ಗ ಬಿಚ್ಚುವುದೊಂದು ಬಾಕಿ.

ಅಂದು ಮಧ್ಯಾಹ್ನ ಅಂಬವ್ವ ಸೀರೆ ಒಗೆದಳು. ಹೊರಗೆ ಗಾಳಿಗೆ ಕೆಂಧೂಳು ಏಳುತ್ತಿದ್ದುದರಿಂದ ಅದನ್ನು ಸರಿಯಾಗಿ ಹಿಂಡದೆ ಒಳಗೆ ತಂದು ಮಗ್ಗದ ಮೇಲಿನ ತೊಲೆಗೆ ಅಡ್ಡ ಹರವಿದಳು. ಎತ್ತಿಗೆ ಮೇವು ಹಾಕಿ ಬಂದ ಕಳಕಪ್ಪ ನೋಡಿ ಕೆಂಡವಾದ.

"ಹಸಿ ಸೀರಿ ರೇಷ್ಮಿ ಮ್ಯಾಲ ಹರವ್ತಾರೇನು? ಬುದ್ಧಿನೂ ಗಾಡ್ಯಾಗ ಹೇರಿದಿ?"

"ನಾಳಿ ಊರು ಬಿಡೋರಿಗೆ ಇವತ್ತ್ ರೇಷ್ಮಿ ಚಿಂತಿ ಯಾಕ್ರಿ? ಎಂಟು ದಿನ ಸವರಿ ಸವರಿ ಬೆಕ್ಕಿನ ಬಾಲ ಮಾಡಿಟ್ಟೀರಿ. ನನ್ನ ಸೀರಿ ಅದಕ್ಕಿಂತ ಏನ್ ಕೆಡಿಸ್ತದ?" ಎಂದಳಂತೆ ಅಂಬವ್ವ.

ಸೀರೆ ಎಳೆದು ಬಿಸಾಡಲು ಕೈ ಎತ್ತಿದವನು ಹಾಗೆಯೇ ನಿಂತ. ಹಾಸಿನ ಆಚೆ ತುದಿಯಲ್ಲಿ ಎಳೆಗಳು ಎಂದಿನಂತೆ ಕೆದರಿದ್ದವು. ಸೀರೆಯ ಅಡಿಯಲ್ಲಿದ್ದವು ಮಾತ್ರ ಹಾಲು ಕುಡಿದ ಕೂಸಿನ ಹಾಗೆ ತೆಪ್ಪಗೆ ಮಲಗಿದ್ದವು. ಕುಂಚ ಮುಟ್ಟದೆ ಕುಣಿಗೆ ಇಳಿದು ಲಾಳಿ ಓಡಿಸಿದ. ಓಡಿತು. ಮತ್ತೆ ಓಡಿಸಿದ. ಒಂದು ಎಳೆಯೂ ಹರಿಯಲಿಲ್ಲ. ಅಂಬವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಗಾಡಿ?" ಎಂದು ಕೇಳಿದಳು.

"ನೀರು ತಾ" ಎಂದ ಕಳಕಪ್ಪ.

ಕುಣಿಯ ನೆಲಕ್ಕೆ ನೀರು ಚಿಮುಕಿಸಿ, ಸೀರೆ ಒಣಗಿದಂತೆಲ್ಲ ತೋಯಿಸಿ ಹಾಕಿ, ಆ ಹಾಸನ್ನು ಅವನು ನೇಯ್ದು ಮುಗಿಸಿದ. ಸುದ್ದಿ ತಿಳಿದು ಮೂರು ಮನೆಯವರೂ ಮರಳಿದರು. ಗಾಳಿ ಓಣಿಗೆ ಬರುವ ಮೊದಲೇ ತೇವವಾಗಲಿ ಎಂದು ಮೂಡಣಕ್ಕೆ ಹೊಂಡ ತೋಡಿದರು. ಊರು ಬಿಡಲು ತಂದ ಗಾಡಿಯಲ್ಲೇ ಹೊಂಡದ ಮಣ್ಣು ಸಾಗಿಸಿದರು ಎನ್ನುತ್ತಾರೆ. ಗೌಡ ಬಹಳ ದಿನ ಗಾಡಿ ವಾಪಸು ಕೇಳುತ್ತಲೇ ಇದ್ದನಂತೆ.

ಇದು ದೇವತೆಯ ಮುನಿಸಲ್ಲ. ಒಣ ವಸ್ತುಗಳೆರಡು ತಿಕ್ಕಾಡಿದರೆ ಒಂದರಿಂದ ಇನ್ನೊಂದಕ್ಕೆ ವಿದ್ಯುತ್ತು ದಾಟಿ ಅಲ್ಲೇ ನಿಲ್ಲುತ್ತದೆ. ಒಂದೇ ಬಗೆಯ ವಿದ್ಯುತ್ತು ಹೊತ್ತ ಎಳೆಗಳು ಒಂದನ್ನೊಂದು ದೂಡುತ್ತವೆ. ಸವರಿದಷ್ಟೂ ಅದು ಹೆಚ್ಚುತ್ತದೆ. ತೇವವಿದ್ದರೆ ಸೋರಿಹೋಗುತ್ತದೆ. ಹೊಳೆದಂಡೆಯಲ್ಲಿ ಗಾಳಿಯೇ ಹಸಿಯಾಗಿತ್ತು, ಕುಂಚ ಆಡಿಸಿದರೂ ನಡೆಯುತ್ತಿತ್ತು; ಇಲ್ಲಿ ಚಳಿಗಾಲದ ಮೂಡಣ ಗಾಳಿ ಒಣ. ಈಗ ಜೆರಾಕ್ಸ್ ಯಂತ್ರ ಕಾಗದಕ್ಕೆ ಕರಿಪುಡಿ ಅಂಟಿಸುವುದು ಇದೇ ಗುಣದಿಂದ. ಬೆರಳಿಗೆ ಚುರುಕ್ ಎಂದ ಆ ಕಿಡಿಯೇ ಪೆಟ್ರೋಲಿನ ಆವಿಯಲ್ಲಿ ಹಾರಿದರೆ ಬೆಂಕಿ. ಪೆಟ್ರೋಲ್ ಇಳಿಸುವ ಮೊದಲು ಟ್ಯಾಂಕರಿಗೆ ತಂತಿ ಬಿಗಿದು ವಿದ್ಯುತ್ತನ್ನು ನೆಲಕ್ಕೆ ಇಳಿಸುವುದು ಸುಮ್ಮನೆ ಅಲ್ಲ.

ಚಳಿಗಾಲದಲ್ಲಿ ಬಂದರೆ ನೀವೇ ನೋಡಬಹುದು. ಬೇವಿನ ಕೊಂಬೆಗೆ ರೇಷ್ಮೆಯ ಒಂದು ಕುಚ್ಚು ಕಟ್ಟಿರುತ್ತಾರೆ. ಬೆಳಿಗ್ಗೆ ಮೊದಲು ಬಂದವರು ಅದನ್ನು ಒಮ್ಮೆ ಸವರಿ ನೋಡುತ್ತಾರೆ. ಕುಚ್ಚು ಕೆದರಿತೆಂದರೆ ಅಂದು ಓಣಿಯ ಹೆಂಗಸರು ಹೊಂಡಕ್ಕೆ ಬಂದು ಸೀರೆ ಅದ್ದುತ್ತಾರೆ. ಆಮೇಲೆ ಮನೆಮನೆಯಲ್ಲೂ ಮಗ್ಗದ ಮೇಲೊಂದು ಹಸಿ ಸೀರೆ. ಹೊರಗೆ ಇಷ್ಟು ಬಿಸಿಲಿರುವಾಗ ಮನೆಯೊಳಗೆ ಏಕೆ ಬಟ್ಟೆ ಒಣಗಿಸುತ್ತೀರಿ ಎಂದು ಹೊಸಬರು ಕೇಳುತ್ತಾರೆ. ಒಣಗಿಸುತ್ತಿಲ್ಲ. ಒಣಗಿದರೆ ಮತ್ತೆ ಅದ್ದಿ ತರುತ್ತಾರೆ.