ಹುಲಿಗಂಟೆ ಮನೆ ಬದಲಿಸಿದ ದಿನ

ಮಕ್ಕಳೇ, ಕೆಂಬರೆ ಕಾಡಿನಲ್ಲಿ ಒಂದು ಕೊಳ, ಕೊಳದ ದಡದಲ್ಲೊಂದು ಮುದಿ ಆಲದ ಮರ. ಆ ಆಲದ ಪೊಟರೆಯಲ್ಲಿ ಏನಿತ್ತು ಹೇಳಿ ನೋಡೋಣ? ಗಿಳಿ ಇತ್ತು ಅಂತೀರಿ. ಇಲ್ಲ, ಸರ್ವರ್ ಇತ್ತು. ಸರ್ವರ್ ಅಂದರೆ ಕಾಡಿಗೆಲ್ಲ ಒಟ್ಟಿಗೆ ದುಡಿಯುವ ದೊಡ್ಡ ಕಂಪ್ಯೂಟರು. ಕಾಡು ಮುಂದುವರಿದುಬಿಟ್ಟಿತ್ತು, ಏನು ಮಾಡೋಣ.

ಆ ಒಂದು ಪೆಟ್ಟಿಗೆಯೊಳಗೆ ಮೂರು ವರ್ಚುವಲ್ ಯಂತ್ರಗಳು ಸಂಸಾರ ಹೂಡಿದ್ದವು. ವರ್ಚುವಲ್ ಯಂತ್ರ ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರು. ಕೈಗೆ ಸಿಗದು, ಕೆಲಸ ಮಾತ್ರ ಮಾಡುತ್ತದೆ. ವಠಾರದಲ್ಲಿ ಬಾಡಿಗೆದಾರರು ಇರುವ ಹಾಗೆ ಅನ್ನಿ. ಬಾವಿ ಒಂದೇ, ಅಂಗಳ ಒಂದೇ, ಆದರೆ ಪ್ರತಿಯೊಬ್ಬರಿಗೂ ಇಡೀ ಮನೆ ತಮ್ಮದೇ ಅನ್ನುವ ಗತ್ತು.

ಒಂದು ಯಂತ್ರ ಕರಡಿ ಜೋಗಣ್ಣನದು. ಯಾವ ಮರದಲ್ಲಿ ಜೇನು ಕಟ್ಟಿದೆ ಅಂತ ಅದು ನಕ್ಷೆ ತೋರಿಸುತ್ತಿತ್ತು. ಇನ್ನೊಂದು ನವಿಲು ಚಂದ್ರರಾಯರದು. ಅವರ ನೃತ್ಯವನ್ನು ಅದು ಕಾಡಿನ ಮೂಲೆಮೂಲೆಗೂ ನೇರ ಪ್ರಸಾರ ಮಾಡುತ್ತಿತ್ತು, ಯಾರೂ ಕೇಳಿಕೊಳ್ಳದಿದ್ದರೂ. ಮತ್ತೊಂದು ಜಿಂಕೆಗಳ ಹುಲಿಗಂಟೆ. ಮರಮರಕ್ಕೆ ಕಟ್ಟಿದ್ದ ಕ್ಯಾಮೆರಾಗಳು ಕಂಡದ್ದನ್ನೆಲ್ಲ ಅದು ಬಿಡದೆ ನೋಡುತ್ತಿತ್ತು, ಹುಲಿಯ ಪಟ್ಟೆ ಕಂಡ ಕೂಡಲೇ ಧ್ವನಿವರ್ಧಕದಲ್ಲಿ ಟಣ್ ಟಣ್ ಬಾರಿಸುತ್ತಿತ್ತು.

ಇವೆಲ್ಲದರ ಉಸ್ತುವಾರಿ ಉದ್ದ ಬಾಲದ ಕೋತಿ, ಮುಸುವ ಕಪಿಲಪ್ಪನದು. ಹಿಂದೆಲ್ಲ ಮುಸುವಗಳು ಮರದ ತುದಿಯಲ್ಲಿ ಕೂತು ಚಿಗುರು ತಿನ್ನುತ್ತಾ ಅರ್ಧ ಕೆಳಗೆ ಉದುರಿಸುತ್ತಿದ್ದವು. ಉದುರಿದ್ದನ್ನು ಜಿಂಕೆಗಳು ಮೇಯುತ್ತಿದ್ದವು. ಹುಲಿ ಕಂಡರೆ ಮೇಲಿನಿಂದ "ಖ್ಯಾಕ್!" ಅನ್ನುವ ಕೂಗು ಬರುತ್ತಿತ್ತು, ಕೆಳಗಿನವು ಓಡುತ್ತಿದ್ದವು. ಕಪಿಲಪ್ಪನ ತಾತ ಜೀವಮಾನವಿಡೀ ಅದನ್ನೇ ಮಾಡಿದ. ಹುಲಿಗಂಟೆ ಬಂದ ಮೇಲೆ ಆ ಕಾವಲು ನಿಂತುಹೋಯಿತು. ಕಪಿಲಪ್ಪ ಈಗ ಕೊಳದ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದ. ವ್ಯವಸ್ಥಾಪಕರಾದವರು ಮರ ಹತ್ತುವುದುಂಟೇ?

ಅವನೇನೂ ಕೆಟ್ಟವನಲ್ಲ ಮಕ್ಕಳೇ. ಹೊಗಳಿದವರಿಗೆ ಇಲ್ಲ ಅನ್ನಲು ಬಾರದು, ಅಷ್ಟೇ ಅವನ ದೋಷ.

ಬೇಸಿಗೆ ಬಂತು. ಪೊಟರೆ ಕಾದು ಸರ್ವರ್ ಬಿಸಿಯುಸಿರು ಬಿಡತೊಡಗಿತು. ಹೆಬ್ಬಂಡೆಯ ಗುಹೆಯಲ್ಲಿ ತಣ್ಣಗೆ ಇನ್ನೊಂದು ಸರ್ವರ್ ಇಟ್ಟದ್ದಾಯಿತು. ಇನ್ನು ಯಂತ್ರಗಳನ್ನು ಅಲ್ಲಿಗೆ ಸಾಗಿಸಬೇಕು, ಅದೂ ಅವುಗಳ ಕೆಲಸ ನಿಲ್ಲಿಸದೆ. ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗ ಒಲೆ ಸಮೇತ ಮನೆ ಬದಲಿಸುವಂಥ ಕೆಲಸ. ಆಲಕ್ಕೂ ಗುಹೆಗೂ ನಡುವೆ ಇದ್ದದ್ದು ಒಂದೇ ತಂತಿ. ರಾಯರ ನೃತ್ಯ ಕಾಡಿಗೆ ಹೋಗುವುದೂ ಅದರಲ್ಲೇ, ಯಂತ್ರಗಳು ಸಾಗುವುದೂ ಅದರಲ್ಲೇ.

ಸುದ್ದಿ ಹಬ್ಬಿದ್ದೇ ತಡ, ಚಂದ್ರರಾಯರು ಗರಿ ಒದರುತ್ತಾ ಬಂದರು.

"ಕಪಿಲಪ್ಪನವರೇ, ನಿಮ್ಮಂಥ ಆಡಳಿತಗಾರರು ಸಿಕ್ಕಿದ್ದು ಈ ಕಾಡಿನ ಪುಣ್ಯ. ಸಾಗಣೆಯ ದಿನ ನಿಮಗೊಂದು ಸನ್ಮಾನ ಇಟ್ಟುಕೊಂಡಿದ್ದೇನೆ. ನನ್ನ ನೃತ್ಯವೂ ಇದೆ. ಪ್ರಸಾರ ಮಾತ್ರ ಒಂದು ಚೂರೂ ತಡವರಿಸಬಾರದು."

"ಛೆ ಛೆ, ತಡವರಿಸೋದು ಅಂದ್ರೇನು! ತಂತಿಯ ಮುಕ್ಕಾಲು ಪಾಲು ನಿಮಗೇ ಬಿಡ್ತೀನಿ, ರಾಯರೇ."

ಆಮೇಲೆ ಜೋಗಣ್ಣ ಬಂದ. "ಹೊಸ ಗುಹೇಲಿ ಸ್ವಲ್ಪ ಕೈಕಾಲು ಚಾಚೋಷ್ಟು ಜಾಗ ಬೇಕಪ್ಪ. ಹಸಿವಾದಾಗ ನನ್ನ ನಕ್ಷೆ ಕಾಡಗಲ ಹರಡ್ತದೆ. ನೀನಲ್ಲದೆ ಇನ್ಯಾರು ಕೊಡ್ತಾರೆ ಹೇಳು?"

"ಒಂದು ಮೂಲೆ ಹೆಚ್ಚಿಗೆ ಇದೆ, ಅದನ್ನೂ ನೀನೇ ಇಟ್ಕೋ ಜೋಗಣ್ಣ."

ಆ ಮೂಲೆ ಹುಲಿಗಂಟೆಗೆ ಹೇಳಿಟ್ಟದ್ದು. ಕಪಿಲಪ್ಪನಿಗೆ ಅದು ನೆನಪಿತ್ತು. ಆದರೆ ಎಲ್ಲರೂ ಒಂದೇ ಹೊತ್ತಿಗೆ ಕೈಕಾಲು ಚಾಚುತ್ತಾರೆಯೇ ಎಂದು ಅವನು ತನಗೆ ತಾನೇ ಕೇಳಿಕೊಂಡ, ಇಲ್ಲ ಎಂದು ತಾನೇ ಉತ್ತರವನ್ನೂ ಕೊಟ್ಟುಕೊಂಡ. ಅವನ ಕಂಪ್ಯೂಟರ್ ವಿದ್ಯೆ ಅಲ್ಲಿಗೆ ಮುಗಿಯಿತು.

ಸಂಜೆ ಹೊತ್ತಿಗೆ ಜಿಂಕೆ ಚುಕ್ಕವ್ವ ಬಂದಳು. ಅವಳು ಮರಿ ಹಾಕಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಮರಿಯನ್ನು ಕೊಳದ ಪಕ್ಕದ ಹುಲ್ಲಿನಲ್ಲಿ ಮಲಗಿಸಿ, ತಿರುತಿರುಗಿ ನೋಡುತ್ತಾ ನಿಂತಳು.

"ಅಣ್ಣಾ, ನನ್ನ ಮರಿಗೆ ಇನ್ನೂ ಓಡೋಕೆ ಬರಲ್ಲ. ಹುಲಿಗಂಟೆ ಸಾಗಿಸೋವಾಗ ನಡುವೆ ನಿಂತುಬಿಟ್ರೆ?"

"ಕಣ್ಣು ಮಿಟುಕಿಸೋಷ್ಟು ಹೊತ್ತು, ತಂಗಿ. ನಿನಗೆ ಗೊತ್ತೇ ಆಗಲ್ಲ."

"ನನಗೆ ಗೊತ್ತಾಗದಿದ್ರೆ ಪರವಾಗಿಲ್ಲ. ಹುಲಿಗೆ ಗೊತ್ತಾದ್ರೆ? ಹೋಗೋ ಕಡೆ ಅದಕ್ಕೆ ಜಾಗ ಹಿಡಿದಿಟ್ಟಿದ್ದೀಯಾ?"

"ಜಾಗಕ್ಕೇನಮ್ಮಾ, ಬೇಕಾದಷ್ಟಿದೆ."

"ಹಾಗಾದ್ರೆ ಅಷ್ಟು ಹೊತ್ತು ನೀನೇ ಮರ ಹತ್ತಿ ಕೂತ್ಕೋ. ನಿಮ್ಮ ತಾತ ಕೂರ್ತಿದ್ದ ಹಾಗೆ."

ಕಪಿಲಪ್ಪನಿಗೆ ನಗು ತಡೆಯಲಾಗಲಿಲ್ಲ. "ಅವತ್ತು ನನಗೆ ಸನ್ಮಾನ ಇದೆ, ಚುಕ್ಕವ್ವ! ಹಾರ ಹಾಕೋರು ಕೊಂಬೆ ಹತ್ತಿ ಬರ್ತಾರಾ?"

ಚುಕ್ಕವ್ವ ಅವನನ್ನು ಹೊಗಳಲು ಮರೆತೇಬಿಟ್ಟಿದ್ದಳು. ಹಾಗಾಗಿ ಹುಲಿಗಂಟೆಯ ಪಾಲಿಗೆ ತಂತಿಯಲ್ಲಿ ಉಳಿದದ್ದೇ ಬಂತು.

ಸಾಗಣೆಯ ದಿನ ಕೊಳದ ದಡದಲ್ಲಿ ಜನವೋ ಜನ. ಜನ ಅಂದರೆ ಹಂದಿ, ಮೊಲ, ಕಾಡುಕೋಳಿ. ಜೋಗಣ್ಣನ ನಕ್ಷೆ ಮೊದಲು ಹೊರಟಿತು. ಕರಡಿ ಹೊಟ್ಟೆ ತುಂಬ ತಿಂದು ಗೊರಕೆ ಹೊಡೆಯುತ್ತಿದ್ದ, ನಕ್ಷೆಗೆ ಏನೂ ಕೆಲಸವಿರಲಿಲ್ಲ. ಸಲೀಸಾಗಿ ಗುಹೆ ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತನ್ನಂಥವರು ಅಪರೂಪ ಎಂದು ಕಪಿಲಪ್ಪನಿಗೆ ಅನ್ನಿಸಿತು. ರಾಯರ ಯಂತ್ರವನ್ನು ಆ ದಿನ ಮುಟ್ಟುವ ಹಾಗೇ ಇರಲಿಲ್ಲ. ನೃತ್ಯ ನಡೆದಿತ್ತಲ್ಲ.

ಆಮೇಲೆ ಹುಲಿಗಂಟೆಯ ಸರದಿ. ಅದು ಆಲದಲ್ಲಿ ದುಡಿಯುತ್ತಿರುವಂತೆಯೇ ಅದರ ನೆನಪನ್ನೆಲ್ಲ ನಕಲು ಮಾಡಿ ಗುಹೆಗೆ ಕಳಿಸಬೇಕಿತ್ತು. ಆದರೆ ಹುಲಿಗಂಟೆಗೆ ಬಿಡುವೆಂಬುದಿಲ್ಲ. ಗಾಳಿಗೆ ಎಲೆ ಅಲ್ಲಾಡಿತು, ಕಾಗೆ ಹಾರಿತು, ಕ್ಯಾಮೆರಾಗಳು ಹೊಸ ಚಿತ್ರ ತಂದು ಸುರಿದವು. ಕಳಿಸಿದ್ದೆಲ್ಲ ಕಳಿಸುವಷ್ಟರಲ್ಲಿ ಹಳತಾಗಿ, ಮತ್ತೆ ಕಳಿಸಬೇಕಾಯಿತು. ಈ ಕಡೆ ಬುಟ್ಟಿ ಖಾಲಿ ಮಾಡುತ್ತಿದ್ದರೆ ಆ ಕಡೆಯಿಂದ ಯಾರೋ ತುಂಬುತ್ತಿದ್ದ ಹಾಗೆ. ತಂತಿ ಅಗಲವಾಗಿ ಸಿಕ್ಕಿದ್ದರೆ ಒಂದೇ ಉಸಿರಿಗೆ ಮುಗಿಯುತ್ತಿತ್ತು. ಸಿಕ್ಕಿದ್ದು ನೂಲಿನಷ್ಟು.

"ಇನ್ನೂ ಎಷ್ಟು ಹೊತ್ತು?" ರಾಯರು ಕುಣಿಯುತ್ತಲೇ ಕೇಳಿದರು. "ಹಾರ ಬಾಡ್ತಾ ಇದೆ."

ರಾಯರ ತಂತಿಯನ್ನು ಸ್ವಲ್ಪ ಹೊತ್ತು ಇಸಿದುಕೊಳ್ಳಬಹುದಿತ್ತು. ಕಪಿಲಪ್ಪ ಆ ಕಡೆ ನೋಡಿದ. ರಾಯರು ಆಗಷ್ಟೇ ಗರಿ ಪೂರ್ತಿ ಬಿಚ್ಚಿದ್ದರು. ಕೇಳಲು ಅವನಿಗೆ ಬಾಯಿ ಬರಲಿಲ್ಲ.

"ಹುಲಿಗಂಟೇನ ಇಲ್ಲಿ ನಿಲ್ಲಿಸಿಬಿಡೋಣ" ಎಂದು ಅವನು ಗುಂಡಿ ಒತ್ತಿದ. "ಉಳಿದದ್ದು ಹೋಗಿ ಸೇರಿದ ಕೂಡಲೇ ಅಲ್ಲಿ ಶುರುವಾಗ್ತದೆ. ಕಣ್ಣು ಮಿಟುಕಿಸೋಷ್ಟು ಹೊತ್ತು."

ಆಲದಲ್ಲಿ ಹುಲಿಗಂಟೆ ನಿಂತಿತು. ಉಳಿದದ್ದು ತಂತಿಯಲ್ಲಿ ತೆವಳಿತು. ತೆವಳುತ್ತಾ ಗುಹೆ ತಲುಪುವಷ್ಟರಲ್ಲಿ ಜೋಗಣ್ಣನಿಗೆ ಎಚ್ಚರವಾಯಿತು, ಹಸಿವೂ ಆಯಿತು. ನಕ್ಷೆ ಕಾಡಗಲ ಹರಡಿಕೊಂಡಿತು, ಮೂಲೆಯೂ ತುಂಬಿತು. 'ಜಾಗವಿಲ್ಲ, ಕಾಯಿರಿ' ಎಂದು ಪರದೆಯ ಮೇಲೆ ಬಂತು. ಹುಲಿಗಂಟೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಆಗಲೂ ಅದನ್ನು ಆಲದಲ್ಲೇ ಮತ್ತೆ ಎಬ್ಬಿಸಬಹುದಿತ್ತು. ಆದರೆ ರಾಯರು ಕೊಕ್ಕಿನಲ್ಲಿ ಹಾರ ಹಿಡಿದು ಎದುರಿಗೇ ನಿಂತಿದ್ದರು. ಹಾರ ಬಂದಾಗ ಕತ್ತು ಬಗ್ಗಿಸಬೇಕು, ಬೇರೆ ಕಡೆ ತಿರುಗಬಾರದು. ಕಪಿಲಪ್ಪ ಶಿಷ್ಟಾಚಾರ ಬಲ್ಲವನು.

ಬಗ್ಗಿಸಿದ ಕತ್ತನ್ನು ಎತ್ತಿದಾಗ ಅವನಿಗೆ ಲಂಟಾನದ ಪೊದೆಯಲ್ಲಿ ಪಟ್ಟೆ ಕಂಡಿತು.

ಕ್ಯಾಮೆರಾಗಳಿಗೂ ಕಂಡಿತ್ತು. ಅವು ಪಾಪ, ಹುಲಿಗಂಟೆಗೆ ಹೇಳುತ್ತಲೇ ಇದ್ದವು. ಕೇಳಿಸಿಕೊಳ್ಳಬೇಕಾದದ್ದು ಮನೆಯಲ್ಲಿರಲಿಲ್ಲ. ಚುಕ್ಕವ್ವ ಕೊಳದಲ್ಲಿ ತಲೆ ಬಗ್ಗಿಸಿ ನೀರು ಕುಡಿಯುತ್ತಿದ್ದಳು. ಗಂಟೆ ಬಾರಿಸಲಿಲ್ಲವೆಂದರೆ ಹುಲಿ ಇಲ್ಲವೆಂದೇ ಅವಳ ನಂಬಿಕೆ. ಹುಲಿಯ ಕಣ್ಣು ಹುಲ್ಲಿನ ಮೇಲಿತ್ತು. ಹುಲ್ಲಿನಲ್ಲಿ ಎರಡು ಪುಟ್ಟ ಕಿವಿಗಳು ನೊಣ ಓಡಿಸುತ್ತಿದ್ದವು.

'ಈಗ ಬಾರಿಸುತ್ತೆ' ಅಂದುಕೊಂಡ ಕಪಿಲಪ್ಪ. 'ಇಗೋ, ಈಗ ಬಾರಿಸುತ್ತೆ.'

ಹುಲಿ ಒಂದು ಹೆಜ್ಜೆ ಮುಂದಿಟ್ಟಿತು. ಗಂಟೆ ಬಾರಿಸುವುದಿಲ್ಲ, ಅದನ್ನು ನಿಲ್ಲಿಸಿದವನು ತಾನೇ ಎಂಬುದು ಆಗ ಅವನ ತಲೆಗೆ ಹೋಯಿತು. ಆ ಕಿವಿಗಳನ್ನು ನೋಡಿ ಅವನಿಗೆ ಅಳು ಬಂತು. ಬಾಯಿ ತೆರೆದ. ಮೊದಲು ಬರಿಯ ಗಾಳಿ ಬಂತು. ಗಂಟಲಿಗೆ ಅಭ್ಯಾಸ ತಪ್ಪಿತ್ತು. ಆಮೇಲೆ ಬಂತು ನೋಡಿ,

"ಖ್ಯಾಕ್! ಖ್ಯಾಕ್! ಖ್ಯಾಕ್!"

ಚುಕ್ಕವ್ವ ಹಾರಿಬಂದು ಮರಿಯನ್ನು ಮೂತಿಯಿಂದ ತಳ್ಳುತ್ತಾ ತಳ್ಳುತ್ತಾ ಮುಳ್ಳುಪೊದೆಯೊಳಗೆ ಸೇರಿಸಿದಳು. ಗುಟ್ಟು ರಟ್ಟಾದ ಸಿಟ್ಟಿಗೆ ಹುಲಿ ಕೂಗಿದವನ ಮೇಲೆಯೇ ನೆಗೆಯಿತು. ಕಪಿಲಪ್ಪ ಆಲಕ್ಕೆ ಹಾರಿದ. ಕೂತು ಕೂತು ಬೊಜ್ಜು ಬಂದಿತ್ತು, ಹಾರ ಕೊಂಬೆಗೆ ಸಿಕ್ಕಿಕೊಂಡಿತು. ಅವನು ಮೇಲೆ ಹೋದ, ಬಾಲದ ತುದಿ ಹುಲಿಯ ಬಾಯಿಗೆ ಹೋಯಿತು. ಹುಲಿ ಅದನ್ನು ಉಗುಳಿ, ಗೊಣಗುತ್ತಾ ಹೊರಟುಹೋಯಿತು.

ಎಷ್ಟೋ ಹೊತ್ತಿನ ಮೇಲೆ ಜೋಗಣ್ಣ ಜೇನು ತಿಂದು ಮತ್ತೆ ಮಲಗಿದ. ಗುಹೆಯ ಮೂಲೆ ತೆರವಾಯಿತು. ಆಗ ಧ್ವನಿವರ್ಧಕ ಕೂಗಿತು:

"ಟಣ್ ಟಣ್! ಹುಲಿ ಬರುತ್ತಿದೆ! ಸಾಗಣೆ ಯಶಸ್ವಿ. ಯಾರಿಗೂ ಅಡಚಣೆಯಾಗಿಲ್ಲ."

ಚಂದ್ರರಾಯರು ಎತ್ತರದ ಕೊಂಬೆಯಿಂದ ಕೇಳಿದರು, "ಪ್ರಸಾರ ಹೇಗೆ ಬಂತು?"

ಪ್ರಸಾರ ಒಂದು ಚೂರೂ ತಡವರಿಸಿರಲಿಲ್ಲ. ವ್ಯವಸ್ಥಾಪಕರ ಬಾಲ ಹೋದದ್ದನ್ನು ಇಡೀ ಕಾಡು ಸ್ಪಷ್ಟವಾಗಿ ನೋಡಿತ್ತು.

ಚುಕ್ಕವ್ವ ಮರದ ಕೆಳಗೆ ಬಂದು ನಿಂತಳು.

"ಕೂಗಿದ್ದಕ್ಕೆ ನಿನ್ನ ಉಪಕಾರ ಮರೆಯಲ್ಲ, ಅಣ್ಣಾ. ಕೂಗೋ ಹಾಗೆ ಮಾಡಿದ್ದನ್ನೂ ಮರೆಯಲ್ಲ. ಮಳೆಗಾಲಕ್ಕೆ ಗುಹೆಗೆ ನೀರು ನುಗ್ತದೆ, ಮತ್ತೆ ಆಲಕ್ಕೇ ಸಾಗಿಸ್ಬೇಕಲ್ಲ? ಅವತ್ತು ನೀನು ಕಟ್ಟೆ ಮೇಲೆ ಕೂರಬೇಡ, ಮರದ ಮೇಲೂ ಬೇಡ. ನನ್ನ ಮರಿ ಪಕ್ಕ ಹುಲ್ಲಲ್ಲಿ ಕೂತು ಜಾಗ ಹಂಚು."

ಕಪಿಲಪ್ಪ ತಲೆಯಾಡಿಸಿದ. ಹೊಗಳಿಕೆ ಇಲ್ಲದ ಮಾತಿಗೆ ಅವನು "ಆಗಲಿ" ಅಂದದ್ದು ಅದೇ ಮೊದಲು.

ಮಳೆ ಬಂತು. ಕಪಿಲಪ್ಪ ಒದ್ದೆ ಹುಲ್ಲಿನಲ್ಲಿ ಮರಿಯ ಪಕ್ಕ ಕೂತ. ಅಲ್ಲಿ ಕೂತ ಮೇಲೆ ಹಂಚಿಕೆ ಎಷ್ಟು ಸುಲಭವಾಯಿತು ಅಂತೀರಿ! ಆಲದಲ್ಲಿ ಹುಲಿಗಂಟೆಯ ಜಾಗವನ್ನು ಮೊದಲು ಹಿಡಿದಿಟ್ಟ. ತಂತಿಯನ್ನು ಪೂರ್ತಿ ಅದಕ್ಕೇ ಬಿಟ್ಟ.

"ಇವತ್ತು ಪ್ರಸಾರ ಇಲ್ಲ, ರಾಯರೇ."

"ಎಂಥ ಅನ್ಯಾಯ! ಹಾಗಾದ್ರೆ ನಿಮಗೆ ಸನ್ಮಾನವೂ ಇಲ್ಲ!"

"ಬೇಡ ಬಿಡಿ. ಜೋಗಣ್ಣ, ಹುಲಿಗಂಟೆ ಹೋಗಿ ಸೇರೋ ತನಕ ನಕ್ಷೆ ತೆರೀಬೇಡಪ್ಪ."

ಮರದ ತುದಿಯಲ್ಲಿ ಅವನ ಅಣ್ಣತಮ್ಮಂದಿರು ಹಳೆಯ ಕಾಲದ ಹಾಗೆ ಕಾವಲು ಕೂತರು. ಹುಲಿಗಂಟೆ ಆಲದಲ್ಲಿ ಮತ್ತೆ ಶುರುವಾದದ್ದು ಯಾರಿಗೂ ತಿಳಿಯಲಿಲ್ಲ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಮರಿಗೆ ನಿದ್ದೆಯಿಂದ ಎಚ್ಚರವೇ ಆಗಲಿಲ್ಲ. ಅದು ಕಪಿಲಪ್ಪನ ಮೋಟು ಬಾಲದ ಮೇಲೆ ತಲೆ ಇಟ್ಟು ಮಲಗಿತ್ತು.

ನೀತಿ: ಹೊಗಳಿದವರಿಗಲ್ಲ, ನಿಂತರೆ ಜೀವ ಹೋಗುವ ಕೆಲಸಕ್ಕೆ ಮೊದಲು ಜಾಗ ಕೊಡಬೇಕು, ಹೋಗುವ ಕಡೆ ಜಾಗ ಹಿಡಿದಿಡದೆ ಇರುವ ಕಡೆಯಿಂದ ಯಾರನ್ನೂ ಎಬ್ಬಿಸಬಾರದು.