ಬಿಟ್ಟ ಬುರುಡೆ

“ಗುರುಗಳೇ, ಒಳ್ಳೆಯದಕ್ಕೇ ಹೇಳಿದ ಮಾತನ್ನೂ ಮನುಷ್ಯ ಯಾಕೆ ಕೇಳುವುದಿಲ್ಲ?” ಎಂದು ಶಿಷ್ಯ ಕೇಳಿದ.

ಯಾರ ವಿಷಯ ಎಂದು ಗುರುಗಳು ಕೇಳಲಿಲ್ಲ. ಶಿಷ್ಯ ತಾನೇ ಹೇಳಿದ. “ನನ್ನ ತಮ್ಮ. ಅವನ ಹಿತಕ್ಕೇ ಹೇಳುತ್ತೇನೆ. ಆದರೆ ನನ್ನ ಬಾಯಿಂದ ಬಂತು ಅಂದರೆ ಸಾಕು, ಅವನಿಗೆ ವಿಷ.”

ಗುರುಗಳಿಗೆ ಕತೆ ಹೇಳುವುದೆಂದರೆ ಊಟ ಬಿಟ್ಟು ಕೂರುವಷ್ಟು ಪ್ರೀತಿ. ಹೊದ್ದಿದ್ದ ಶಲ್ಯವನ್ನು ತೆಗೆದು ತೊಡೆಯ ಮೇಲೆ ಹಾಕಿಕೊಂಡರು.

“ಅದಕ್ಕೆ ಆಮೇಲೆ ಬರೋಣ. ಮೊದಲು ಇದನ್ನು ಹೇಳು. ಒಂದು ದೊಡ್ಡ ಕೆರೆ. ಮಟಮಟ ಮಧ್ಯಾಹ್ನ. ಗಾಳಿ ಇಲ್ಲ, ದಡದ ಮರದಲ್ಲಿ ಎಲೆ ಅಲ್ಲಾಡುತ್ತಿಲ್ಲ. ನಡು ನೀರಿನಲ್ಲಿ ಒಂದು ಹರಿಗೋಲು ಬೋರಲಾಗಿ ಬಿದ್ದಿದೆ. ಅದರ ಹತ್ತಿರ ಒಬ್ಬ ನರಪಿಳ್ಳೆ ಇಲ್ಲ. ಆದರೂ ಅದು ತನ್ನಷ್ಟಕ್ಕೆ ತಾನೇ ಸುತ್ತುತ್ತಿದೆ. ಏನಾಗಿರಬಹುದು, ಊಹಿಸು ನೋಡೋಣ?”

“ಕೆಳಗೆ ಸುಳಿ ಇರಬೇಕು.”

“ಕೆರೆಯಲ್ಲಿ ಸುಳಿ ಎಲ್ಲಿಂದ ಬಂತಪ್ಪ? ಅದು ನದಿಯಲ್ಲ.”

“ಹಾಗಾದರೆ ಗೊತ್ತಾಗುವುದಿಲ್ಲ, ಗುರುಗಳೇ.”

“ಗೊತ್ತಾಗದಿದ್ದರೆ ಒಳ್ಳೆಯದು. ಕೇಳು,” ಎಂದು ಗುರುಗಳು ಹೇಳತೊಡಗಿದರು.

ಪೇಟೆಯಲ್ಲಿ ಇಬ್ಬರು ವ್ಯಾಪಾರಿಗಳಿದ್ದರು. ಅಣ್ಣ ತಮ್ಮಂದಿರು. ಅಣ್ಣನದು ಬೆಲ್ಲದ ಮಂಡಿ, ತಮ್ಮನದು ಹಗ್ಗ ಚಾಪೆಗಳ ಅಂಗಡಿ. ಅವರ ತಾಯಿಯ ತವರು ಆ ಕೆರೆಯ ದಡದಲ್ಲಿತ್ತು. ಮಾವಂದಿರೆಲ್ಲ ಮೀನು ಹಿಡಿಯುವವರು. ಹಾಗಾಗಿ ಬೇಸಿಗೆ ರಜೆ ಬಂತೆಂದರೆ ಇಬ್ಬರೂ ಅಂಗಡಿ ಮುಚ್ಚಿ, ಹೆಂಡಿರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಿದ್ದರು. ಬೆಳಿಗ್ಗೆ ಎದ್ದರೆ ಗಂಡಸರಿಗೆ ಗಾಳ, ಹೆಂಗಸರಿಗೆ ಅರೆಯುವ ಕಲ್ಲು. ವರ್ಷವೆಲ್ಲ ತಕ್ಕಡಿ ಹಿಡಿದ ಕೈಗಳಿಗೆ ಅದೊಂದು ಹಬ್ಬ.

ಆ ಕೆರೆಯಲ್ಲಿ ಒಂದು ಜಾತಿಯ ಮೀನಿದೆ. ಮೈಮೇಲೆ ಕಪ್ಪು ಪಟ್ಟೆ. ಅಲ್ಲಿಯವರು ಪಟ್ಟೆಮೀನು ಎನ್ನುತ್ತಾರೆ. ರುಚಿ ಹೇಗೆ ಎಂದು ನನ್ನನ್ನು ಕೇಳಬೇಡ, ಬಲ್ಲವರು ಬಾಯಿ ಚಪ್ಪರಿಸುತ್ತಾರೆ. ಅದು ದೊಡ್ಡದು, ಹಟಮಾರಿ. ಗಾಳ ಕಚ್ಚಿದರೆ ದಾರ ಹಿಡಿದವನ ಕೈ ಸೀಳುತ್ತದೆ. ಆದ್ದರಿಂದ ಅಲ್ಲಿಯವರು ಅದನ್ನು ಕೈಯಲ್ಲಿ ಹಿಡಿಯುವುದಿಲ್ಲ. ದಾರದ ಇನ್ನೊಂದು ತುದಿಗೆ ಒಂದು ಒಣಗಿದ ಸೋರೆ ಬುರುಡೆಯನ್ನು ಕಟ್ಟಿರುತ್ತಾರೆ. ಮೀನು ಕಚ್ಚಿತೋ, ಬುರುಡೆಯನ್ನು ನೀರಿಗೆ ಬಿಟ್ಟುಬಿಡುತ್ತಾರೆ. ಮೀನು ಎಳೆಯುತ್ತದೆ, ಬುರುಡೆ ಮುಳುಗುತ್ತದೆ, ಏಳುತ್ತದೆ. ಕೊನೆಗೆ ದಣಿಯುವುದು ಮೀನೇ. ಆಗ ಹರಿಗೋಲಿನಲ್ಲಿ ಹಿಂದೆ ಹೋಗಿ ಬುರುಡೆಯನ್ನು ಎತ್ತಿದರಾಯಿತು. ಪೇಟೆಯಲ್ಲಿ ಬುರುಡೆ ಬಿಡುವುದು ಎಂದರೆ ಸುಳ್ಳು ಹೇಳುವುದು. ಕೆರೆಯಲ್ಲಿ ಅದು ಕಸುಬು. ಈ ಎರಡು ಅರ್ಥಗಳನ್ನೂ ನೆನಪಿಡು.

ಇನ್ನೊಂದು ಮಾತು. ಬಿಟ್ಟ ಬುರುಡೆ ಯಾವ ಕಡೆಗೆ ಹೋಗುತ್ತದೆಂದು ಹೇಳಲಾಗದು. ಅದಕ್ಕೆ ಕೆರೆಯವರು ಒಂದು ನಿಯಮ ಮಾಡಿಕೊಂಡಿದ್ದರು: ಬುರುಡೆ ಎತ್ತಿದವನದೇ ಮೀನು. ಜಗಳ ಬೇಡವೆಂದು ಮಾಡಿಕೊಂಡ ನಿಯಮ. ಅದು ಪರರಿಗೆ. ಒಡಹುಟ್ಟಿದವರ ನಡುವೆ ಅದನ್ನು ಯಾರೂ ಬಾಯಿಗೆ ತರುತ್ತಿರಲಿಲ್ಲ. ಅಣ್ಣ ಎತ್ತಿದರೆ ತಮ್ಮನಿಗೆ ಕೊಡುತ್ತಿದ್ದ, ತಮ್ಮ ಎತ್ತಿದರೆ ಅಣ್ಣನಿಗೆ.

ಒಂದು ಬೆಳಿಗ್ಗೆ ಅಣ್ಣ ಒಂದು ಹರಿಗೋಲಿನಲ್ಲಿ ಹೋದ, ತಮ್ಮ ಇನ್ನೊಂದರಲ್ಲಿ. ತಮ್ಮನ ಜೊತೆ ಅವನ ಮಗಳಿದ್ದಳು. ಒಬ್ಬಳೇ ಮಗಳು, ಹಾಲುಹಲ್ಲು ಬೀಳುವ ವಯಸ್ಸು. ಅವಳು ಹರಿಗೋಲು ಹತ್ತಿದ್ದು ಅದೇ ಮೊದಲು. “ಅಪ್ಪ, ನೀನು ದೊಡ್ಡಪ್ಪನಿಗಿಂತ ದೊಡ್ಡ ಮೀನು ಹಿಡೀತೀಯಾ?” ಎಂದು ದಾರಿಯುದ್ದಕ್ಕೂ ಕೇಳಿದ್ದಳು. ಹಿಡಿಯುತ್ತೇನೆ ಎಂದು ಅವನು ದಾರಿಯುದ್ದಕ್ಕೂ ಹೇಳಿದ್ದ.

ತಮ್ಮನ ಗಾಳಕ್ಕೇ ಮೀನು ಕಚ್ಚಿತು. ಬುರುಡೆ ಬಿಡಬೇಕಾಗಿತ್ತು. ಆದರೆ ಮಗಳು ನೋಡುತ್ತಿದ್ದಳಲ್ಲ, ಅವನು ದಾರವನ್ನು ಕೈಯಲ್ಲೇ ಹಿಡಿದ. ಅಂಗೈ ಸೀಳಿ ರಕ್ತ ಬಂತು. ಅಣ್ಣ ನೋಡಿ ಕೂಗಿದ:

“ಬಿಡೋ! ಬುರುಡೆ ಬಿಡು! ಬೆರಳು ಹೋಗ್ತದೆ ಕಣೋ!”

ತಮ್ಮ ಬಿಟ್ಟ. ಬುರುಡೆ ಅತ್ತ ಇತ್ತ ಓಡಾಡಿ ಅಣ್ಣನ ಹರಿಗೋಲಿನ ಪಕ್ಕಕ್ಕೇ ಬಂದು ನಿಂತಿತು. ಅಣ್ಣ ಬಗ್ಗಿ ಎತ್ತಿದ. ಅಷ್ಟು ದೊಡ್ಡ ಪಟ್ಟೆಮೀನನ್ನು ಆ ಬೇಸಿಗೆಯಲ್ಲಿ ಯಾರೂ ಹಿಡಿದಿರಲಿಲ್ಲ.

ತಮ್ಮ ನಗುತ್ತಾ ಕೈ ಚಾಚಿದ. “ಕೊಡಣ್ಣ.”

“ಏನು ಕೊಡೋದು?”

“ಮೀನು.”

“ಬಿಟ್ಟವನು ನೀನು, ಎತ್ತಿದವನು ನಾನು. ಕೆರೆ ನಿಯಮ ಮರೆತೆಯೇನೋ?”

ಅಣ್ಣನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಸ್ವಲ್ಪ ಹೊತ್ತು ಆಡಿಸಿ, ಸಂಜೆ ಊಟದ ಹೊತ್ತಿಗೆ ಮೀನನ್ನು ತಮ್ಮನ ಮಗಳ ಮಡಿಲಿಗೆ ಹಾಕಬೇಕು ಎಂದುಕೊಂಡಿದ್ದ. ಹಾಗೆಂದು ಹೆಂಡತಿಗೂ ಹೇಳಿದ್ದ. ಆದರೆ ತಮಾಷೆ ಮಾಡುವವನಿಗೆ ಒಂದು ಕಷ್ಟವಿದೆ ನೋಡು, ನಾಲ್ಕು ಜನ ನಕ್ಕರೆ ನಿಲ್ಲಿಸಲು ಮನಸ್ಸು ಬರುವುದಿಲ್ಲ. ದಡದಲ್ಲಿ ಎಲ್ಲರೂ ನಕ್ಕರು.

“ಬನ್ನಿ, ಬಿಟ್ಟಪ್ಪನವರೇ!” ಎಂದು ಅಣ್ಣ ತಮ್ಮನನ್ನು ಕರೆದ. “ಪುಟ್ಟೀ, ಇವತ್ತಿಂದ ನಿಮ್ಮಪ್ಪನ ಹೆಸರು ಬಿಟ್ಟಪ್ಪ. ಶಾಲೆಯಲ್ಲಿ ಹಾಗೇ ಬರೆಸು.”

“ನನ್ನ ಗಂಡ ಬಿಟ್ಟ ಮೀನಿಗೆ ನಾನೇ ಖಾರ ಅರೀಬೇಕಾ?” ಎಂದು ತಮ್ಮನ ಹೆಂಡತಿ ಕೇಳಿದಳು.

“ಅರಿಯಮ್ಮ, ಅರಿ. ತಿನ್ನೋದು ನಾವು,” ಎಂದಳು ಅಣ್ಣನ ಹೆಂಡತಿ.

ತಮ್ಮನೂ ನಕ್ಕ. ಅಲ್ಲಿಯವರೆಗೆ ಏನೂ ಆಗಿರಲಿಲ್ಲ. ಮಗಳೊಬ್ಬಳು ನಗಲಿಲ್ಲ. ಅವಳು ಅಪ್ಪನ ರಕ್ತದ ಕೈಯನ್ನು ನೋಡಲಿಲ್ಲ, ಮುಖವನ್ನು ನೋಡಿದಳು.

“ಅಪ್ಪ, ದೊಡ್ಡಪ್ಪ ಹೇಳಿದ ತಕ್ಷಣ ಯಾಕೆ ಬಿಟ್ಟೆ?”

ಅವನು ಅಂಗೈಗೆ ಬಟ್ಟೆ ಸುತ್ತಿಕೊಂಡ. ಊಟಕ್ಕೆ ಕೂತ. ಅನ್ನ ಕಲಸುತ್ತಾ ಬೆಳಿಗ್ಗೆ ಅಣ್ಣ ಕೂಗಿದ್ದನ್ನು ಮತ್ತೆ ಮತ್ತೆ ನೆನೆದ. ಬೆರಳು ಹೋಗುತ್ತದೆ ಎಂದಿದ್ದ. ಬೆರಳು ಹೋಗಲಿಲ್ಲ, ಮೀನು ಹೋಯಿತು. ಹಾಗಾದರೆ ಅಣ್ಣ ಕೂಗಿದ್ದು ಬೆರಳಿಗೋ ಮೀನಿಗೋ? ಒಂದು ಸಲ ಈ ಲೆಕ್ಕ ಶುರುವಾದರೆ ಹಿಂದಿನದೂ ಬಂದು ಸೇರುತ್ತದೆ. ಹಗ್ಗದ ಅಂಗಡಿ ನಿನಗೆ ಸಾಕು ಕಣೋ ಎಂದು ಅಣ್ಣ ಹೇಳಿದ್ದು ಯಾರ ಒಳ್ಳೆಯದಕ್ಕೆ? ಬೆಲ್ಲದ ಮಂಡಿಯಲ್ಲಿ ನಷ್ಟವೇ ಹೆಚ್ಚು ಎಂದದ್ದು? ಮಧ್ಯಾಹ್ನದ ಹೊತ್ತಿಗೆ, ಹುಟ್ಟಿದಂದಿನಿಂದ ಅಣ್ಣ ಹೇಳಿದ ಒಂದೊಂದು ಮಾತಿನ ಕೆಳಗೂ ಒಂದೊಂದು ಮೀನು ಕಾಣತೊಡಗಿತು.

ಅವನು ಎದ್ದ. “ಬಾ ಪುಟ್ಟಿ, ನಿನ್ನ ಮೀನು ತರೋಣ,” ಎಂದ.

ಹಗ್ಗದ ವ್ಯಾಪಾರಿಯಲ್ಲವೇ, ಹಗ್ಗ ಅವನ ಬಳಿ ಇತ್ತು. ಹೊಸ ಗಾಳದ ಬುರುಡೆಯನ್ನು ಹರಿಗೋಲಿನ ಅಂಚಿಗೆ ಬಿಗಿದು ಕಟ್ಟಿದ. ಈಗ ಯಾರು ಹೇಳಿದರೂ ಬಿಡುವ ಹಾಗಿಲ್ಲ, ಯಾರು ಬಂದರೂ ಎತ್ತುವ ಹಾಗಿಲ್ಲ. ಆ ಕೆರೆಯಲ್ಲಿ ಅದುವರೆಗೆ ಯಾರೂ ಬುರುಡೆಯನ್ನು ಹರಿಗೋಲಿಗೆ ಕಟ್ಟಿರಲಿಲ್ಲ. ಕಟ್ಟಬಾರದೆಂಬ ನಿಯಮವೂ ಇರಲಿಲ್ಲ. ಅಂಥದಕ್ಕೆ ನಿಯಮ ಬೇಕಾಗುತ್ತದೆ ಎಂದು ಯಾರಿಗೂ ತೋಚಿರಲಿಲ್ಲ.

ನಡು ನೀರಿಗೆ ಹೋದ. ಸ್ವಲ್ಪ ದೂರದಲ್ಲಿ ಅಣ್ಣನೂ ಹರಿಗೋಲು ತಂದು ನಿಲ್ಲಿಸಿದ. “ಬಿಟ್ಟಪ್ಪನವರ ಸವಾರಿ ಮತ್ತೆ ಬಂತೋ!” ಎಂದು ಕೂಗಿದ. ತಮ್ಮ ತಿರುಗಿ ನೋಡಲಿಲ್ಲ.

ಮೀನು ಕಚ್ಚಿತು. ಬೆಳಗಿನದಕ್ಕಿಂತ ದೊಡ್ಡದು. ದಾರ ಬಿಗಿಯಿತು, ಬುರುಡೆ ಕಟ್ಟಿದ ಅಂಚು ತಗ್ಗಿತು. ಹರಿಗೋಲು ಬುಟ್ಟಿಯಂಥದ್ದು, ಅದಕ್ಕೆ ಮುಂದು ಹಿಂದು ಇಲ್ಲ. ಎಳೆದ ಕಡೆಗೆ ವಾಲುತ್ತದೆ, ಸುತ್ತುತ್ತದೆ. ಅವನು ಎದ್ದು ನಿಂತು ದಾರ ಎಳೆದ. ಮೀನು ನೋಡಲೆಂದು ಮಗಳೂ ಅದೇ ಅಂಚಿಗೆ ಬಂದಳು. ನೀರು ಒಳಗೆ ಬಂತು.

ಅಣ್ಣ ನೋಡಿದ. ಅವನ ನಗು ನಿಂತಿತು.

“ಬಿಡೋ! ಬುರುಡೆ ಬಿಡು! ಹರಿಗೋಲು ಮಗುಚ್ತದೆ ಕಣೋ!”

ಬೆಳಿಗ್ಗೆ ಬೆರಳು ಹೋಗುತ್ತದೆ ಎಂದ, ಈಗ ಹರಿಗೋಲು ಹೋಗುತ್ತದೆ ಎನ್ನುತ್ತಾನೆ ಎಂದುಕೊಂಡ ತಮ್ಮ.

“ಬುರುಡೆ ಬಿಡ್ತಿರೋನು ನೀನು!” ಎಂದು ತಿರುಗಿ ಕೂಗಿದ.

ಆ ಮಾತಿಗೆ ಮಗಳು ಚಪ್ಪಾಳೆ ತಟ್ಟಿದಳು. ಬೆಳಗಿನಿಂದ ಅವಳು ನಕ್ಕಿದ್ದು ಆಗಲೇ. “ಬಿಡಬೇಡ ಅಪ್ಪ! ಬಿಡಬೇಡ!” ಎಂದಳು.

ಅಣ್ಣ ಹುಟ್ಟು ಹಾಕುತ್ತಾ ಬಂದ. “ನಿನ್ನ ಕಾಲಿಗೆ ಬೀಳ್ತೀನಿ ಕಣೋ, ಹಗ್ಗ ಕೊಯ್ಯಿ! ಮೀನು ನಿಂದೇ, ಎರಡೂ ನಿಂದೇ!” ಎಂದು ಅಳುವ ದನಿಯಲ್ಲಿ ಕೂಗಿದ. ಅವನು ಹತ್ತಿರ ಬಂದಷ್ಟೂ ತಮ್ಮ ಗಟ್ಟಿಯಾಗಿ ಹಿಡಿದ. ಅಣ್ಣ ಎಷ್ಟು ಚೆನ್ನಾಗಿ ನಾಟಕ ಆಡುತ್ತಾನೆ ಎಂದು ಅವನಿಗೆ ಆಶ್ಚರ್ಯವಾಯಿತು.

ಹರಿಗೋಲು ಮಗುಚಿತು.

ತಮ್ಮ ಮೇಲೆ ಬಂದಾಗ ಅವನ ಎರಡು ಕೈಗಳೂ ಬುರುಡೆಯ ಮೇಲಿದ್ದವು. ಮಗಳು ಕಾಣಲಿಲ್ಲ. ಅಣ್ಣ ನೀರಿಗೆ ಹಾರಿದ. ಮುಳುಗಿದ, ಎದ್ದ, ಮತ್ತೆ ಮುಳುಗಿದ. ಬೋರಲಾದ ಹರಿಗೋಲಿನ ಅಡಿಯಿಂದ ಮಗುವನ್ನು ಎಳೆದು ತನ್ನ ಹರಿಗೋಲಿಗೆ ಹಾಕಿದ. ತಮ್ಮನನ್ನೂ ಎಳೆದು ಹಾಕಿದ. ತಮ್ಮ ಮಗಳನ್ನು ಎದೆಗೆ ಅವಚಿಕೊಂಡು ಕೂತುಬಿಟ್ಟ.

“ಕೊಡೋ ಇಲ್ಲಿ. ಹೊಟ್ಟೆ ಒತ್ತಿ ನೀರು ತೆಗೀಬೇಕು. ಮಗೂನ ಬಿಡು,” ಎಂದು ಅಣ್ಣ ಕೈ ಚಾಚಿದ.

ತಮ್ಮ ಅವನನ್ನೇ ನೋಡಿದ.

“ಬಿಡಲ್ಲ. ಬಿಟ್ರೆ ನೀನು ಎತ್ಕೋತೀಯ.”

ಅಣ್ಣ ಕಿತ್ತುಕೊಳ್ಳಲು ನೋಡಿದ. ಹರಿಗೋಲು ವಾಲಿತು. ಇದೂ ಮಗುಚಿದರೆ ಎಂದು ಕೈ ಹಿಂದಕ್ಕೆ ತೆಗೆದ. ಬೇರೆ ದಾರಿ ಕಾಣದೆ ಹುಟ್ಟು ಹಿಡಿದು ದಡದ ಕಡೆಗೆ ತಿರುಗಿಸಿದ. ದಡ ದೂರವಿತ್ತು. ದಾರಿಯಲ್ಲಿ ಮಗು ಒಂದು ಸಲ ಕೆಮ್ಮಿದ ಹಾಗಾಯಿತು ಎಂದು ಅಣ್ಣ ಆಮೇಲೆ ಹೇಳುತ್ತಿದ್ದ. ಇಲ್ಲ ಎಂದು ತಮ್ಮ ಹೇಳುತ್ತಿದ್ದ. ನಿಜ ಯಾವುದು ಎಂದು ಹೇಳಬಲ್ಲವರು ಮೂರನೆಯವರು ಯಾರೂ ಅಲ್ಲಿರಲಿಲ್ಲ. ದಡದಲ್ಲಿ ಹೆಂಗಸರು ಓಡಿಬಂದು ಮಗುವನ್ನು ಅವನ ತೋಳುಗಳಿಂದ ಬಿಡಿಸಿಕೊಂಡಾಗ ಉಸಿರಿರಲಿಲ್ಲ. ತಾಯಿಯ ಕೈಯಲ್ಲಿ ಇನ್ನೂ ಅರೆದ ಖಾರವಿತ್ತು. ಆ ಕೈಯಿಂದಲೇ ಮಗಳ ಕಣ್ಣು ಒರೆಸಿದಳು. ಮಗು ಕಣ್ಣು ಉಜ್ಜಿಕೊಳ್ಳಲಿಲ್ಲ.

ಮೀನು ಬಿಡಿಸಿಕೊಂಡಿರಲಿಲ್ಲ. ನಡು ನೀರಿನಲ್ಲಿ ಬೋರಲಾದ ಹರಿಗೋಲನ್ನು ಅದು ಸಂಜೆಯವರೆಗೆ ಸುತ್ತಿಸುತ್ತಲೇ ಇತ್ತು. ಹಗ್ಗ ಕೊಯ್ದು ಬರಲು ಯಾರೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ:

“ಅಣ್ಣ ಎರಡನೆಯ ಸಲ ನಿಜವಾಗಿಯೇ ಕೂಗಿದ್ದನಲ್ಲ, ಗುರುಗಳೇ?”

“ಎರಡು ಸಲವೂ ನಿಜವಾಗಿಯೇ ಕೂಗಿದ್ದ. ಮೊದಲನೆಯ ಸಲ ತಮ್ಮ ಕೇಳಿದ, ಬೆರಳು ಉಳಿಯಿತು.”

“ಹಾಗಿದ್ದಮೇಲೆ ಅಣ್ಣನ ತಪ್ಪು ಏನು? ಮೀನು ಇಟ್ಟುಕೊಂಡದ್ದು ಬರೀ ತಮಾಷೆಗೆ. ಸಂಜೆ ಕೊಡುವವನಿದ್ದ. ನಾಲ್ಕು ದಿನ ಕಳೆದರೆ ಇಬ್ಬರೂ ಮರೆತುಬಿಡುವ ವಿಷಯ.”

ಗುರುಗಳು ಶಲ್ಯವನ್ನು ಹೊದ್ದುಕೊಂಡು ಎದ್ದರು.

“ಮರೆಯಬಹುದಿತ್ತು, ಆದರೆ ಅವತ್ತು ಗಳಿಸಿದ್ದು, ಮೀನಾಗಲಿ ಅಪನಂಬಿಕೆಯಾಗಲಿ, ಎಂದೂ ಕರಗುವುದಿಲ್ಲವಂತೆ; ಅವತ್ತು ವೈಶಾಖ ಶುದ್ಧ ತದಿಗೆ, ಭಾನುವಾರ, ಅಕ್ಷಯ ತದಿಗೆ.”